ಮೆರ್ಲೋ ಸೀಸೆ ಮತ್ತು ನನ್ನ ತಪಕೀರು

ಜೀವಮಾನದಲ್ಲಿ ಒಂದು ಹನಿ ಸೆರೆಯನ್ನೂ ನಾಲಿಗೆಗೆ ತಾಗಿಸಿದವನಲ್ಲ ನಾನು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಕುಲಗೋಡದ ಒಕ್ಕಲುಮನೆಯವನು. ಆದರೂ ಏಳು ವರ್ಷ ಗೋಕಾಕದಲ್ಲಿ ಒಬ್ಬ ಬಿಳಿ ಸಾಹೇಬನ ಊಟದ ಮೇಜಿಗೆ ಕೆಂಪು ಸೆರೆ ಆರಿಸಿ ಕೊಟ್ಟವನು ನಾನೇ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವನೊಬ್ಬ ಬಂದನೆಂದು ಹೊಟ್ಟೆಕಿಚ್ಚಿನಲ್ಲಿ ಬೆಂದವನೂ ನಾನೇ. ಕುಡಿಯದವನಿಗೆ ಕುಡಿಯುವ ವಸ್ತುವಿನ ಮೇಲೆ ಇದೆಂಥ ಜಿದ್ದು ಎಂದು ನಗುವವರು ನಗಲಿ. ನನ್ನ ಸಂಕಟ ನನಗೆ ಗೊತ್ತು.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷವಿದ್ದ ಕಾಲ. ಊರಾಚೆಯ, ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ನಾನು ಉಗ್ರಾಣದ ಕಾರಕೂನ. ಜಿನ್ನು ನಡೆಸುತ್ತಿದ್ದ ಆ ಸಾಹೇಬನ ಬಂಗಲೆಯ ಸಾಮಾನೂ ನನ್ನ ಕೈಯಲ್ಲೇ ಇತ್ತು. ಅಡುಗೆಯವನಿಗೆ ಓದು ಬರುತ್ತಿರಲಿಲ್ಲ, ನನಗೆ ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಸಾಹೇಬ ಸೀಸೆಗಳ ಮೇಲಿನ ಚೀಟಿ ಓದುವುದನ್ನು ನನಗೆ ಕಲಿಸಿದ. ಫ್ರಾನ್ಸಿನ ಬೋರ್ಡೋ ಸೀಮೆಯ ಸೆರೆಯಲ್ಲಿ ಎರಡು ಬಗೆಯಂತೆ. ಹೊಳೆಯ ಒಂದು ದಂಡೆಯದು ಗಡಸು, ಬಾಯೆಲ್ಲ ಒಗರು. ಇನ್ನೊಂದು ದಂಡೆಯ ಸೇಂತ್ ಎಮಿಲಿಯೋ, ಪೊಮೆರೋಲ್ ಎಂಬ ಊರುಗಳದು ಹೆಚ್ಚಾಗಿ ಮೆರ್ಲೋ ಎಂಬ ದ್ರಾಕ್ಷಿಯದು, ಮೆತ್ತಗೆ ಗಂಟಲಿಗಿಳಿಯುತ್ತದೆ. ಚೀಟಿಯ ಮೇಲೆ ಮೆರ್ಲೋ ಎಂದು ಬರೆದಿರುವುದಿಲ್ಲ, ಊರಿನ ಹೆಸರಿನಿಂದಲೇ ತಿಳಿದುಕೊಳ್ಳಬೇಕು. ಇಸವಿ ನೋಡಬೇಕು. ಬೆಳಕಿಗೆ ಹಿಡಿದು, ಸೆರೆ ಸೀಸೆಯ ಕುತ್ತಿಗೆಯವರೆಗೂ ಇದೆಯೇ ಎಂದು ನೋಡಬೇಕು. ಬೂಚು ಮೇಲಕ್ಕೆ ಎದ್ದಿರಬಾರದು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಸೀಸೆ ಮುಟ್ಟಿದ ದಿನ ಜಳಕ ಮಾಡಿಯೇ ಲಿಂಗಪೂಜೆಗೆ ಕೂಡುತ್ತಿದ್ದೆ.

ಬಂಗಲೆಯ ಹಿಂದೆ ಬೇವಿನ ಮರದ ಕೆಳಗೆ ಎರಡು ಖೋಲಿಯ ಹಂಚಿನ ಮನೆಯಿತ್ತು. ಉಗ್ರಾಣದ ಮುಖ್ಯಸ್ಥನಿಗೆ ಅದು. ಅಲ್ಲಿದ್ದ ಮುದುಕ ಆ ವರ್ಷ ಕೆಲಸ ಬಿಡುವವನಿದ್ದ. ನಾನೋ ಇನ್ನಿಬ್ಬರ ಜೊತೆ ಒಂದೇ ಖೋಲಿಯಲ್ಲಿ ಬಿದ್ದುಕೊಂಡಿದ್ದೆ, ಹೆಂಡತಿ ಕುಲಗೋಡದಲ್ಲಿ. ಮದುವೆಯಾಗಿ ಆರು ವರ್ಷವಾದರೂ ಒಂದು ಒಲೆ ಹೂಡಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋದರೆ ಅವಳು ಕೇಳುತ್ತಿದ್ದುದು ಒಂದೇ ಮಾತು: "ಮನಿ ಯಾವಾಗ ಕೊಡ್ತಾರಂತ್ರಿ?" ಬೀಸುಕಲ್ಲು ಎಲ್ಲಿಡಬೇಕು, ರೊಟ್ಟಿಬುಟ್ಟಿ ಎಲ್ಲಿ ತೂಗಹಾಕಬೇಕು ಎಂದು ಕಾಣದ ಆ ಮನೆಯಲ್ಲಿ ಆಗಲೇ ಸಂಸಾರ ಹೂಡಿದ್ದಳು.

ಅಷ್ಟರಲ್ಲಿ ಬಂದ ಅವನು. ಹುಕ್ಕೇರಿ ಕಡೆಯ ಘೋಡಗೇರಿಯ ಜೈನರವನು. ಸಂಕೇಶ್ವರದ ಪೇಟೆಯಲ್ಲಿ ಅವರ ಮನೆತನದ ಬೆಲ್ಲದ ವ್ಯಾಪಾರವಿತ್ತು. ಇಲ್ಲಿ ತೂಕದ ಕಾರಕೂನನಾಗಿ ಸೇರಿದ. ಹೊತ್ತು ಮುಳುಗುವುದರೊಳಗೆ ಉಣ್ಣುವವನು, ಜೇನುತುಪ್ಪವನ್ನೂ ಮುಟ್ಟದವನು. ನನ್ನನ್ನು "ಅಣ್ಣಾರ" ಎಂದೇ ಕರೆಯುತ್ತಿದ್ದ. ಬೈಯಲು ಒಂದು ನೆಪವನ್ನೂ ಕೊಡುತ್ತಿರಲಿಲ್ಲ, ಅದೇ ನನಗೆ ಸಿಟ್ಟು.

ಒಂದು ದಿನ ಸಾಹೇಬ ಪಡಸಾಲೆಯಲ್ಲಿ ನಾನು ಆರಿಸಿದ ಸೀಸೆಯ ಬೂಚು ತೆಗೆದ. ಚೀಟಿಯ ಮೇಲೆ ಬಂಗಾರದ ಅಕ್ಷರವಿದ್ದ ಸೀಸೆ ಅದು. ತೂಕದ ಪಟ್ಟಿಗೆ ಸಹಿ ಹಾಕಿಸಲು ಬಂದು ನಿಂತಿದ್ದ ಇವನ ಮೂಗು ಚುರುಕಾಯಿತು. ಬೂಚನ್ನು ಈಸಿಕೊಂಡು ಮೂಸಿ, ಇದು ಮುಗ್ಗಿದೆ, ಮಳೆಗಾಲದಲ್ಲಿ ಹಸಿ ಗೋಣಿಚೀಲದಲ್ಲಿ ಬೆಲ್ಲ ಇಟ್ಟರೆ ಇದೇ ವಾಸನೆ ಬರುತ್ತದೆ ಎಂದ. ಸಾಹೇಬ ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ಕೈತೋಟಕ್ಕೆ ಉಗುಳಿದ. ಅಂದಿನಿಂದ ಹೊಸ ಪದ್ಧತಿ ಬಂತು: ಚೀಟಿ ನಾನು ಓದಬೇಕು, ಬೂಚು ಅವನು ಮೂಸಬೇಕು.

ಏಳು ವರ್ಷದ ವಿದ್ಯೆ ಒಂದು ಮೂಗಿನ ಮುಂದೆ ಮಣ್ಣುಪಾಲಾಯಿತು. ನಾನೂ ಕದ್ದು ಬೂಚು ಮೂಸಿ ನೋಡಿದೆ. ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಹದಿನೈದು ವರ್ಷದಿಂದ ತಪಕೀರು ಏರಿಸುತ್ತಿದ್ದ ಮೂಗು ನನ್ನದು. ತಂಬಾಕಿನ ಆ ನಯ ಪುಡಿ ಚಿಟಿಕೆ ಚಿಟಿಕೆಯಾಗಿ ನನ್ನ ಮೂಗನ್ನು ಕೊಂದಿತ್ತು. ನನ್ನ ಪಾಲಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ನಿನ್ನ ವ್ರತಕ್ಕೆ ಭಂಗ ಬರುವುದಿಲ್ಲವೇನಪ್ಪಾ ಎಂದು ಅವನನ್ನು ಚುಚ್ಚಿ ಕೇಳಿದೆ. ಹಿರಿಯರನ್ನು ಕೇಳಿಯೇ ಒಪ್ಪಿದ್ದೇನೆ, ಮೂಸಿದ್ದು ಹೊಟ್ಟೆಗೆ ಹೋಗುವುದಿಲ್ಲವಲ್ಲ ಎಂದು ತಣ್ಣಗೆ ಹೇಳಿದ. ಮೂಸಿ ಮೂಸಿ ಒಂದು ದಿನ ಕುಡಿಯಲು ಹತ್ತುತ್ತಾನೆ, ನೋಡುತ್ತಿರಿ ಎಂದು ಕಚೇರಿಯಲ್ಲಿ ಸುದ್ದಿ ಹಬ್ಬಿಸಿದೆ. ಯಾರೂ ನಂಬಲಿಲ್ಲ. ಹೊಟ್ಟೆಕಿಚ್ಚಿನವನ ಮಾತು ಎಂದು ನನ್ನನ್ನೇ ನೋಡಿ ನಕ್ಕರು. ಅವರಂದದ್ದು ಖರೇನೇ.

ಮುಂಬಯಿಯಿಂದ ದೊಡ್ಡ ಸಾಹೇಬ ಬರುವ ದಿನ ಬಂತು. ಅವನಿಗೆ ಹಳೆಯ ಮೆರ್ಲೋ ಸೆರೆಯೆಂದರೆ ಪ್ರಾಣ. ಉಗ್ರಾಣದ ಮುಖ್ಯಸ್ಥನ ಜಾಗಕ್ಕೆ ನಮ್ಮಿಬ್ಬರಲ್ಲಿ ಯಾರೆಂಬುದೂ ಅವನು ಬಂದಾಗಲೇ ಗೊತ್ತಾಗುವುದಿತ್ತು. ಉಳಿದಿದ್ದ ಸೀಸೆಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು, ಇಸವಿ ತಾಳೆ ನೋಡಿ, ಎಲ್ಲಕ್ಕಿಂತ ಹಳೆಯ ಪೊಮೆರೋಲ್ ಒಂದನ್ನು ಆರಿಸಿದೆ. ಕುತ್ತಿಗೆಯವರೆಗೂ ತುಂಬಿತ್ತು, ಬಣ್ಣ ತಿಳಿಯಾಗಿತ್ತು. ಇಳಿಹೊತ್ತಿನಲ್ಲಿ ನಮ್ಮ ಸಾಹೇಬ ಬೂಚು ತೆಗೆದು, ತಟ್ಟೆಯಲ್ಲಿಟ್ಟು, ಪಡಸಾಲೆಯಲ್ಲಿ ನಿಂತಿದ್ದ ಘೋಡಗೇರಿಯವನಿಗೆ ಒಯ್ದು ಕೊಡು ಎಂದ.

ಊಟದ ಕೋಣೆಯಿಂದ ಪಡಸಾಲೆಗೆ ಹತ್ತು ಹೆಜ್ಜೆ. ಅಷ್ಟರಲ್ಲಿ ನನ್ನ ಕೈ ಕಿಸೆಯ ತಪಕೀರಿನ ಡಬ್ಬಿಗೆ ಹೋಯಿತು. ಕೈ ತಾನೇ ಹೋಯಿತು ಎಂದರೆ ಸುಳ್ಳು, ನಾನೇ ಕಳಿಸಿದೆ. ಒಂದು ಚಿಟಿಕೆ ತೆಗೆದು ಬೂಚಿನ ಒದ್ದೆ ತುದಿಗೆ ತಿಕ್ಕಿದೆ. ಕೆಂಪಿನ ಮೇಲೆ ಕಂದು ಕಾಣುವಂತಿರಲಿಲ್ಲ. ಅವನು ಮೂಸಿ ಇದು ಕೆಟ್ಟಿದೆ ಎನ್ನುತ್ತಾನೆ, ಸಾಹೇಬ ಕುಡಿದು ನೋಡಿ ಚೆನ್ನಾಗಿದೆ ಎನ್ನುತ್ತಾನೆ, ಅಲ್ಲಿಗೆ ಅವನ ಮೂಗಿನ ಮಾನ ಹೋಗುತ್ತದೆ, ಮನೆ ನನ್ನದಾಗುತ್ತದೆ. ಇದು ನನ್ನ ಲೆಕ್ಕ.

ಅವನು ಮೂಸಿದ. ಕಣ್ಣಲ್ಲಿ ನೀರಾಡಿತು. ಇನ್ನೊಮ್ಮೆ ಮೂಸಿದ. ಆಮೇಲೆ ತಟ್ಟೆ ಹಿಡಿದಿದ್ದ, ತಪಕೀರಿನ ಕಂದು ಹತ್ತಿದ ನನ್ನ ಬೆರಳುಗಳನ್ನು ನೋಡಿದ. ಹಿಂದೆಯೇ ಬಂದ ಸಾಹೇಬ, ಹೇಗಿದೆ ಎಂದು ಕೇಳಿದ.

"ಸೆರಿ ಚೊಲೋ ಐತ್ರಿ. ತಂಬಾಕಿನ ವಾಸನಿ ಬರ್ತೈತಿ, ಆದ್ರ ಅದು ಕೆಟ್ಟದ್ದಲ್ರಿ" ಎಂದ.

ಅವನಿಗೆ ಇಂಗ್ಲಿಷ್ ಬಾರದು. ಆ ಮಾತನ್ನು ಸಾಹೇಬನಿಗೆ ತಿಳಿಸಿದವನು ನಾನೇ. ತಂಬಾಕಂತೆ ಸಾಹೇಬರೇ, ತಂಬಾಕು ಎಂದು ಒತ್ತಿ ಒತ್ತಿ ಹೇಳಿದೆ, ಒಳಗೊಳಗೇ ಕುಣಿಯುತ್ತ. ಸಾಹೇಬ ಗ್ಲಾಸಿಗೆ ಸುರುವಿಕೊಂಡು ಕಣ್ಣು ಮುಚ್ಚಿ ಒಂದು ಗುಟುಕು ಹೀರಿದ. ಮುಖ ಅರಳಿತು. ಸರಿಯಾಗಿ ಹೇಳಿದ, ಪಳಗಿದ ಮೆರ್ಲೋಗೆ ಒಣತಂಬಾಕಿನ ಸುವಾಸನೆ ಬರುತ್ತದೆ, ಬಲ್ಲವರಿಗೂ ಸುಲಭಕ್ಕೆ ಸಿಗದ ಗುಟ್ಟು ಅದು, ಈ ಮನುಷ್ಯ ಕುಡಿಯದೆಯೇ ಹಿಡಿದುಬಿಟ್ಟ ಎಂದು ಅವನ ಬೆನ್ನು ತಟ್ಟಿದ. ದೊಡ್ಡ ಸಾಹೇಬನ ಮುಂದೆಯೂ ಅದನ್ನೇ ಹೇಳಿದ. ಮರುದಿನ ಮುಖ್ಯಸ್ಥನ ಕೆಲಸ ಅವನಿಗಾಯಿತು. ಬೇವಿನ ಮರದ ಕೆಳಗಿನ ಮನೆಯೂ ಅವನದಾಯಿತು.

ಸಾಮಾನು ಸಾಗಿಸುವ ದಿನ ಅವನು ನನ್ನನ್ನು ಒಂದು ಬದಿಗೆ ಕರೆದ. ದನಿ ಎತ್ತಲಿಲ್ಲ.

"ಅಣ್ಣಾರ, ತಂಬಾಕ ಸೆರಿಯಾಗ ಇರಲಿಲ್ಲ, ನಿಮ್ಮ ಕೈಬಟ್ಟಿನಾಗಿತ್ತು. ಖರೆ ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು. ಅದಕ್ಕ ಕೆಟ್ಟದ್ದಲ್ಲ ಅಂದೆ. ಅದು ಇಷ್ಟು ದೂರ ಹೋಗ್ತೈತಿ ಅಂತ ನನಗೂ ಗೊತ್ತಿರಲಿಲ್ಲ."

ನನ್ನನ್ನು ಉಳಿಸಲು ಅವನಾಡಿದ ಮಾತೇ ನನ್ನ ಮನೆಯನ್ನು ಅವನಿಗೆ ಕೊಟ್ಟಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಉಂಡೆ. ಆದರೂ ನಿಜ ಹೇಳುತ್ತೇನೆ, ಅವನ ಕಾಲಿಗೆ ಬೀಳಬೇಕು ಎಂದು ನನಗೆ ಅನಿಸಲಿಲ್ಲ. ಇಷ್ಟು ಒಳ್ಳೆಯವನಾಗಿರಲು ಇವನಿಗೆ ಹೇಗೆ ಸಾಧ್ಯವಾಯಿತು, ನನಗೇಕೆ ಆಗಲಿಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಅಂದು ಸಂಜೆ ತಪಕೀರಿನ ಡಬ್ಬಿಯನ್ನು ಘಟಪ್ರಭೆಗೆ ಎಸೆದೆ.

ಮುಂದಿನ ಸಲ ಊರಿಗೆ ಹೋದಾಗ ಹೆಂಡತಿ ಮೊದಲು ಮನೆಯ ಮಾತೆತ್ತಲಿಲ್ಲ. ನನ್ನ ಬೆರಳು ನೋಡಿ, ತಪಕೀರು ಬಿಟ್ಟಿರೇನು ಎಂದು ಕೇಳಿದಳು. ಬಿಟ್ಟೆ ಎಂದೆ. ಯಾಕೆಂದು ಕೇಳಿದಳು. ಎಲ್ಲ ಹೇಳಿದೆ, ಒಂದೂ ಮುಚ್ಚಿಡಲಿಲ್ಲ. ಅವಳು ಬೀಸುಕಲ್ಲಿನ ಗೂಟ ಹಿಡಿದು ಉಳಿದ ಜೋಳ ಬೀಸಿ ಮುಗಿಸಿದಳು. ನನ್ನನ್ನು ಬೈಯುತ್ತಾಳೆ, ಇಲ್ಲವೇ ಮನೆ ಹೋಯಿತೆಂದು ಅಳುತ್ತಾಳೆ ಎಂದು ಕಾದೆ.

"ಆ ಅಣ್ಣನ್ನ ಒಂದಿನ ಊಟಕ್ಕ ಕರ್ಕೊಂಡು ಬರ್ರಿ" ಎಂದಳು. "ಹೊತ್ತು ಮುಳುಗೂದ್ರಾಗ ಅಡಿಗಿ ಮಾಡಿ ಇಡ್ತೇನಿ."

ಆರು ವರ್ಷದಲ್ಲಿ ನನ್ನ ಬಗ್ಗೆ ಅವಳು ಒಮ್ಮೆಯೂ ಅಂಥ ಅಕ್ಕರೆಯ ದನಿಯಲ್ಲಿ ಮಾತಾಡಿರಲಿಲ್ಲ.