ಒಳಗೆ ಅಡ್ಡವೋ, ಉದ್ದವೋ?

"ಹೋದ ಸಲ ಗರ್ಭಕೋಶ ಹೇಗೆ ಕೊಯ್ದಿದ್ರು? ಅಡ್ಡಕ್ಕಾ, ಉದ್ದಕ್ಕಾ?"

ಇಂದಿರಾನಗರದ ಡಾಕ್ಟರಮ್ಮ ಹೀಗೆ ಕೇಳಿದಾಗ ನಮ್ಮ ಕುಟುಂಬದ ಮೂವರು ಗಣ್ಯರು, ಅಂದರೆ ನಾನು, ನನ್ನ ಹೆಂಡತಿ ಮತ್ತು ತುಂಬು ಬಸುರಿ ಮಗಳು ಸುಧಾ, ಮುಖ ಮುಖ ನೋಡಿಕೊಂಡೆವು. ಸುಧಾಳ ಮೊದಲ ಹೆರಿಗೆ ಸಿಜೇರಿಯನ್. ಈ ಸಲ ನಾರ್ಮಲ್ ಆಗಬೇಕೆಂದು ಅವಳ ಹಟ.

"ಪಾಪು ಹುಟ್ಟಿದ್ದು ರೋಹಿಣಿ, ಎರಡನೇ ಪಾದ. ಬೆಳಿಗ್ಗೆ ಹತ್ತು ಹದಿನೇಳು," ಎಂದಳು ನನ್ನ ಹೆಂಡತಿ. (ಏನಾದರೂ ಹೇಳಬೇಕಲ್ಲ!)

"ನಾನು ಕೇಳಿದ್ದು ಅದಲ್ಲಮ್ಮ."

ಹೊಟ್ಟೆಯ ಮೇಲಿನ ಗೆರೆ ಉದ್ದಕ್ಕಿದೆಯಲ್ಲ ಎಂದೆ. ಅದು ಸಾಕ್ಷಿಯಲ್ಲವಂತೆ. ಚರ್ಮ ಉದ್ದಕ್ಕೆ ಕೊಯ್ದು ಗರ್ಭಕೋಶವನ್ನು ಅಡ್ಡಕ್ಕೆ ಕೊಯ್ಯುವುದುಂಟು. ಕೆಳಗೆ ಅಡ್ಡಕ್ಕಿದ್ದರೆ ನೋವಿಗೆ ಕಾಯಬಹುದು. ಮೇಲಿನಿಂದ ಉದ್ದಕ್ಕಿದ್ದರೆ, ನೋವು ಬಂದಾಗ ಹಳೇ ಗಾಯ ಬಿರಿಯುವ ಭಯ ಹೆಚ್ಚು.

"ಆಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿ ತನ್ನಿ, ಅದರಲ್ಲಿ ಬರೆದಿರ್ತಾರೆ. ಸಿಗ್ಲಿಲ್ಲ ಅಂದ್ರೆ ರಿಸ್ಕ್ ಬೇಡ. ಸೋಮವಾರ ಆಪರೇಷನ್."

ಮೊದಲ ಹೆರಿಗೆಯಾದ ಹಲಸೂರಿನ ಹಳೇ ನರ್ಸಿಂಗ್ ಹೋಮಿಗೆ ಓಡಿದೆ. ಅಲ್ಲೀಗ ಮೊಬೈಲ್ ಅಂಗಡಿ. (ರಿಂಗ್‌ಟೋನ್ ಬೇಕಾ ಸಾರ್, ಎಂದರು.)

ಮರ್ಫಿ ಟೌನಿನ ಮನೆಗೆ ಬಂದರೆ ಪಕ್ಕದ ಮನೆಯ ಸೆಲ್ವಿಯಮ್ಮ ಆಗಲೇ ಹಾಜರ್. "ನಂದು ಅಡ್ಡ ಸಾರ್. ಸೀರೆ ಉಟ್ರೆ ಗೊತ್ತೇ ಆಗಲ್ಲ. ನಮ್ಮ ನಾದಿನೀದು ಉದ್ದ, ಮೇಲೆ ಪಿನ್ ಬೇರೆ ಹೊಡೆದಿದ್ರು."

"ಒಳಗೆ?"

"ಒಳಗೆ ಯಾರು ಸಾರ್ ನೋಡಿದ್ದು?"

ಯಾರು ನೋಡಿದ್ದು! ಸೀರೆಯ ಅಂಚಿನಂತೆ ಹೊಲಿಗೆಗಳನ್ನು ಹೋಲಿಸುತ್ತೇವೆ. ಮಗು ಬಂದ ನಿಮಿಷ ಗೊತ್ತು. ಬಂದ ದಾರಿ ಕೇಳಿದವರುಂಟೇ?

ಬೀರು ಜಾಲಾಡಿದೆ. ಟ್ರಂಕ್ ಮಗುಚಿದೆ. ಮದುವೆಯ ಸೀರೆ ಬಿಲ್ಲು, ಕೆಟ್ಟ ರೇಡಿಯೋದ ಗ್ಯಾರಂಟಿ ಕಾರ್ಡು, ಎಲ್ಲ ಸಿಕ್ಕವು. ಸಮ್ಮರಿ ಇಲ್ಲ. ಸುಧಾ ಗೋಡೆ ಹಿಡಿದು ನಿಂತು ನೋಡುತ್ತಿದ್ದಳು. ಪ್ರತಿ ಸಲ ಅವಳು ಸೊಂಟಕ್ಕೆ ಕೈಯಿಟ್ಟಾಗ "ನೋವಾ?" ಎಂದು ಕೇಳುತ್ತಿದ್ದೆ.

"ಅಪ್ಪಾ," ಎಂದಳು ಇದ್ದಕ್ಕಿದ್ದಂತೆ, "ಪಾಪು ಜಾತಕ ಯಾವ ಹಾಳೆ ಮೇಲೆ ಬರೆಸಿದ್ದೆ?"

ಒಂದು ಮಗ್ಗುಲು ಖಾಲಿಯಿದ್ದ ಕಾಗದವನ್ನು ಎಸೆದ ಪಾಪ ನನ್ನ ವಂಶದಲ್ಲಿಲ್ಲ. ದೇವರ ಗೂಡಿನಿಂದ ಅರಿಶಿನ-ಕುಂಕುಮ ಹಚ್ಚಿದ ಜಾತಕ ತೆಗೆದೆ. ತಿರುಗಿಸಿದೆ: ಸಮ್ಮರಿ! ನಾಲ್ಕು ವರ್ಷ ಪೂಜೆ ಮಾಡಿದ್ದೆವು, ಒಮ್ಮೆಯೂ ತಿರುಗಿಸಿರಲಿಲ್ಲ!

ಡಾಕ್ಟರಮ್ಮ ಕುಂಕುಮ ಒರೆಸಿ ಓದಿದರು. "ಒಳಗೆ ಅಡ್ಡ. ಕಾಯೋಣ. ನೋವು ಶುರುವಾದ ತಕ್ಷಣ ಬಂದ್ಬಿಡಿ."

ಶನಿವಾರ ನೋವು ಬಂತು. ಒಂಬತ್ತು ತಾಸು ಆಸ್ಪತ್ರೆಯ ಕಾರಿಡಾರ್ ಅಳೆದೆ. ಹೆಣ್ಣು ಮಗು. ನಾರ್ಮಲ್.

ಈ ಸಲವೂ ಜೋಯಿಸರಿಗೆ ಡಿಸ್ಚಾರ್ಜ್ ಹಾಳೆಯ ಹಿಂಬದಿಯನ್ನೇ ಕೊಟ್ಟು ಬಂದಿದ್ದೇನೆ: ನಮ್ಮ ಮನೆಯಲ್ಲಿ ಕಳೆದುಹೋಗದ ಕಾಗದವೆಂದರೆ ಜಾತಕ ಒಂದೇ.