ವ್ಯತ್ಯಾಸ ಸೊನ್ನೆ

ಎರಡು ಫೈಲುಗಳ ನಡುವೆ ಒಂದಿಷ್ಟೂ ವ್ಯತ್ಯಾಸ ಇರಬಾರದು ಎಂದರೆ ಅದಕ್ಕೆ ಬುದ್ಧಿಯೇನೂ ಬೇಕಾಗಿಲ್ಲ. ಒಂದನ್ನು ತಂದು ಇನ್ನೊಂದರ ಮೇಲೆ ಸುರಿದುಬಿಟ್ಟರಾಯಿತು. ನಮ್ಮ ಆಫೀಸಿನ ಹೊಸ ಸಾಹೇಬರು ಮಾಡಿದ್ದು ಅದನ್ನೇ. ಮಾಡಿ, ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು, ಮೀಟಿಂಗಿನಲ್ಲಿ ಚಪ್ಪಾಳೆಯನ್ನೂ ಹೊಡೆಸಿಕೊಂಡರು. ಥೂ, ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಮ್ಮದು ಇಂದಿರಾನಗರದಲ್ಲಿ ಒಂದು ಸಣ್ಣ ಕಂಪನಿ. ಕ್ಲಿನಿಕ್ಕುಗಳಲ್ಲಿ ಟೋಕನ್ ನಂಬರು ಕೂಗುವ ಯಂತ್ರಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಗೋಡೆಗೆ ಒಂದು ಬೋರ್ಡು, ಪಕ್ಕದಲ್ಲಿ ಸ್ಪೀಕರು, ಒಳಗೊಂದು ಪುಟ್ಟ ಕಂಪ್ಯೂಟರು, ಅದರಲ್ಲೊಂದು ಫೈಲು. ಫೈಲಿನ ಒಂದೊಂದು ಸಾಲಿನಲ್ಲೂ ಎಡಕ್ಕೆ ಒಂದು ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಅದರ ಉತ್ತರ. ಯಾವ ಭಾಷೆಯಲ್ಲಿ ಕೂಗಬೇಕು, ಎಷ್ಟು ಸಲ ಕೂಗಬೇಕು, ಕೂಗಿದ ಮೇಲೆ ಎಷ್ಟು ಹೊತ್ತು ಕಾಯಬೇಕು, ದನಿ ಎಷ್ಟು ಜೋರಿರಬೇಕು. ಇಷ್ಟೇ. ಬ್ರಹ್ಮವಿದ್ಯೆಯೇನಲ್ಲ.

ಎಡಗಡೆಯ ಹೆಸರುಗಳು ಎಲ್ಲ ಕ್ಲಿನಿಕ್ಕಿನಲ್ಲೂ ಒಂದೇ. ಬಲಗಡೆಯವು ಬೇರೆ ಬೇರೆ, ಯಾಕೆಂದರೆ ಕಾಯುತ್ತ ಕೂರುವ ಜನ ಬೇರೆ ಬೇರೆ. ಶಿವಾಜಿನಗರದ್ದು ಉರ್ದು, ತಮಿಳು, ಕನ್ನಡ ಮೂರರಲ್ಲೂ ಎರಡೆರಡು ಸಲ ಕೂಗುತ್ತಿತ್ತು. ಪುಲಿಕೇಶಿನಗರದ ಸಿಸ್ಟರ್ ಒಬ್ಬರು ಫೋನ್ ಮಾಡಿ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋದವರು ವಾಪಸ್ ಬರುವಷ್ಟರಲ್ಲಿ ನಂಬರು ಹೋಗಿಬಿಡುತ್ತದೆ ಎಂದು ಜಗಳವಾಡಿ, ಆ ಹೊತ್ತಿಗೆ ಮಾತ್ರ ಕಾಯುವ ಸಮಯ ಹೆಚ್ಚಿಸಿಕೊಂಡಿದ್ದರು. ಕೆ.ಆರ್. ಪುರದ ಕ್ಲಿನಿಕ್ಕಿಗೆ ಬರುವವರಲ್ಲಿ ರಾಯಚೂರು, ಯಾದಗಿರಿ ಕಡೆಯ ಕಟ್ಟಡ ಕೆಲಸದವರು ಹೆಚ್ಚು. ಅಲ್ಲಿ ಕನ್ನಡ ಮೊದಲು, ದನಿಯೂ ಜೋರು, ರಸ್ತೆ ಗದ್ದಲ ಹಾಗಿದೆ. ಇವನ್ನೆಲ್ಲ ಸಿಸ್ಟರುಗಳ ಬಾಯಿಂದ ಕೇಳಿ ಕೇಳಿ ವರ್ಷಗಟ್ಟಲೆ ಸರಿಮಾಡಿದವಳು ನಾನು.

ಅದಕ್ಕೆಂದೇ ನಾನೊಂದು ಸಣ್ಣ ಉಪಕರಣ ಬರೆದಿದ್ದೆ. ಕಿಟಕಿ, ಬಟನ್ನು, ಬಣ್ಣ ಒಂದೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಅದು ಎರಡು ಫೈಲುಗಳನ್ನು ಹೆಸರು ಹಿಡಿದು ಹೋಲಿಸುತ್ತದೆ. ಸಾಲುಗಳು ಹಿಂದುಮುಂದಾಗಿದ್ದರೆ ಬಾಯಿ ಬಡಿದುಕೊಳ್ಳುವುದಿಲ್ಲ. ಇಲ್ಲದ ಹೆಸರನ್ನು ಮಾತ್ರ ಸೇರಿಸುತ್ತದೆ, ಇರುವ ಉತ್ತರವನ್ನು ಕೇಳದೆ ಮುಟ್ಟುವುದಿಲ್ಲ. ಅದಕ್ಕಿದ್ದ ಮರ್ಯಾದೆ ನಮ್ಮ ಸಾಹೇಬರಿಗೆ ಇರಲಿಲ್ಲ.

ಸಾಹೇಬರು ದೊಡ್ಡ ಕಂಪನಿಯೊಂದರಿಂದ ಬಂದವರು. ಮಂತ್ರಕ್ಕಿಂತ ಉಗುಳೇ ಜಾಸ್ತಿ. ಬಂದ ವಾರವೇ ಗೋಡೆಗೊಂದು ದೊಡ್ಡ ಟಿವಿ ಹಾಕಿಸಿ, ನನ್ನ ಉಪಕರಣದ ಫಲಿತಾಂಶವನ್ನು ಅದರಲ್ಲಿ ತೋರಿಸುವಂತೆ ಮಾಡಿಸಿದರು. ವ್ಯತ್ಯಾಸ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಹೋಲಿಸುವುದಕ್ಕೆ ಆರಿಸಿಕೊಂಡದ್ದು ಇಂದಿರಾನಗರದ ಹವಾನಿಯಂತ್ರಿತ ಕ್ಲಿನಿಕ್ಕಿನ ಫೈಲು. ಅಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಲ, ಮೆಲ್ಲಗೆ. ಅಲ್ಲಿಯವರಿಗೆ ಫೋನಿಗೆ ಮೆಸೇಜು ಹೋಗುತ್ತದೆ, ಯಂತ್ರ ಕೂಗದಿದ್ದರೂ ನಡೆಯುತ್ತದೆ. ಅದರ ಪಕ್ಕದಲ್ಲಿಟ್ಟು ನೋಡಿದರೆ ಉಳಿದ ಕ್ಲಿನಿಕ್ಕುಗಳೆಲ್ಲ ಕೆಂಪು.

"ಏನ್ ಮೇಡಂ ಇದು, ಇಷ್ಟೊಂದು ರೆಡ್ಡು?"

"ಅದು ತಪ್ಪಲ್ಲ ಸರ್. ಆ ಜನಕ್ಕೆ ಹಾಗೇ ಬೇಕು."

"ಸ್ಟ್ಯಾಂಡರ್ಡ್ ಅಂತ ಒಂದು ಇರ್ಬೇಕಲ್ವಾ ಮೇಡಂ? ಕ್ಲೈಂಟ್ ಬಂದು ನೋಡಿದ್ರೆ ಏನಂದ್ಕೋತಾರೆ?"

ನಾನು ನಾದಿನಿಯ ಮಗಳ ಮದುವೆಗೆ ರಜ ಹಾಕಿದ್ದಾಗ ಸಾಹೇಬರು ಇಂದಿರಾನಗರದ ಫೈಲನ್ನು ಎಲ್ಲ ಕ್ಲಿನಿಕ್ಕಿಗೂ ತಮ್ಮ ಕೈಯಾರೆ ನಕಲು ಹೊಡೆದರು. ಆಮೇಲೆ ನನ್ನ ಉಪಕರಣ ಓಡಿಸಿದರು. ವ್ಯತ್ಯಾಸ ಸೊನ್ನೆ! ಟಿವಿ ಗದ್ದೆಯ ಹಾಗೆ ಹಸಿರಾಯಿತು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.

ರಜ ಮುಗಿಸಿ ಬಂದ ದಿನವೇ ಜಗಳವಾಡಿದೆ. ಹಳೆಯ ಫೈಲುಗಳ ಪ್ರತಿ ಇದೆಯಲ್ಲ, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಸಿಸ್ಟರುಗಳು ದೂರು ಕೊಡುತ್ತಿದ್ದಾರೆ ಎಂದರೆ, ದೂರುಗಳನ್ನೂ ತೋರಿಸಿದರು. ಎಲ್ಲದರ ಕೆಳಗೂ "ಸರಿಯಾಗಿದೆ, ಮುಗಿಸಲಾಗಿದೆ" ಎಂದು ಬರೆದು ಅವನ್ನೂ ಹಸಿರು ಮಾಡಿಸಿದ್ದರು! ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ನನ್ನ ಕತೆ. ಮೇಲಿನವರಿಗೆ ಮೇಲ್ ಬರೆದೆ. ಅವರು ಹಸಿರು ಟಿವಿಯ ಫೋಟೋಗೆ ಆಗಲೇ ಹೆಬ್ಬೆರಳಿನ ಲೈಕು ಒತ್ತಿ ಆಗಿತ್ತು.

ಇನ್ನು ನಮ್ಮ ಅತ್ತೆಯ ವಿಷಯ. ಹಲಸೂರಿನ ಹಳೇ ಮನೆತನ, ಒಂದು ಕಾಲಕ್ಕೆ ಸೊಪ್ಪು ಬೆಳೆಯುತ್ತಿದ್ದವರು, ಈಗ ಬಾಡಿಗೆ ಮನೆಗಳ ಯಜಮಾನಿ. ಕನ್ನಡ ಬರುತ್ತದೆ, ಮಾರ್ಕೆಟ್ಟಿನ ತಮಿಳು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ನನ್ನ ಕೆಲಸದ ಬಗ್ಗೆ ಅವರಿಗಿದ್ದ ತಾತ್ಸಾರದ ಮುಂದೆ ನನ್ನ ಸಾಹೇಬರ ಬಗ್ಗೆ ನನಗಿರುವುದು ಏನೇನೂ ಅಲ್ಲ. "ಕರೀ ಪರದೆ ಮುಂದೆ ಕುಂತ್ಕೊಂಡು ಇರುವೆ ಎಣಿಸ್ತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಸಕ್ಕರೆ ಕಾಯಿಲೆಗೆ ಅವರ ಒಂದು ಕಣ್ಣು ಆಗಲೇ ಹೋಗಿತ್ತು. ಉಳಿದ ಕಣ್ಣಿಗೆ ಶಿವಾಜಿನಗರದ ಕಣ್ಣಿನ ಕ್ಲಿನಿಕ್ಕಿನಲ್ಲಿ ತಿಂಗಳಿಗೊಂದು ಇಂಜೆಕ್ಷನ್. ತಪ್ಪಿಸಿದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜೊತೆಗೆ ಬರುತ್ತೇನೆಂದರೆ ಬೇಡ. "ನಾನೇನು ಎಳೇ ಮಗೂನಾ? ಆಟೋ ಹತ್ತಿ ಹೋಗ್ಬತ್ತೀನಿ."

ಸಾಹೇಬರು ಫೈಲು ನಕಲು ಹೊಡೆದ ತಿಂಗಳು ಹೋಗಿ ಬಂದವರು, "ಡಾಕ್ಟ್ರು ಬಂದಿರ್ಲಿಲ್ಲ ಕಣಮ್ಮಿ" ಎಂದರು. ಮುಂದಿನ ತಿಂಗಳೂ ಅದೇ ಮಾತು. ಮೂರನೆಯ ಸಲ ನಾನು ಅವರ ಮಾತು ಕೇಳಲಿಲ್ಲ. ಬಯ್ಯಿಸಿಕೊಂಡೇ ಆಟೋದಲ್ಲಿ ಪಕ್ಕ ಕೂತೆ.

ಕ್ಲಿನಿಕ್ಕಿನ ಸಿಸ್ಟರಿಗೆ ನನ್ನ ದನಿ ಗೊತ್ತು, ಮುಖ ಗೊತ್ತಿರಲಿಲ್ಲ. ಅತ್ತೆಯ ಹೆಸರು ಹೇಳಿದೊಡನೆ, "ಈ ಅಮ್ಮನಾ? ಎರಡು ತಿಂಗಳಿಂದ ಬರ್ತಾನೇ ಇದಾರೆ ಮೇಡಂ. ನಂಬರ್ ಕೂಗಿದ್ರೆ ಏಳೋದಿಲ್ಲ, ಹೋಗಿಬಿಡುತ್ತೆ. ಹೊಸ ಟೋಕನ್ ತಗೊಳ್ಳಿ ಅಂದ್ರೆ ನಮ್ಗೇ ಬೈದು ಹೊರಟೋಗ್ತಾರೆ" ಎಂದರು.

ಡಾಕ್ಟರು ಬಂದಿರಲಿಲ್ಲವಂತೆ! ಕೂಗಿದ್ದು ತಿಳಿಯಲಿಲ್ಲ ಎಂದು ಸೊಸೆಯ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಕಣ್ಣು ಹೋದರೂ ವಾಸಿ ಎನ್ನುವ ಹೆಂಗಸು. ನನಗೆ ಕೋಪ ಬಂತು.

ಕಾಯುವ ಹಾಲ್‌ನಲ್ಲಿ ಕೂತೆವು. ಸ್ಪೀಕರು ಇಂಗ್ಲಿಷಿನಲ್ಲಿ ಏನೋ ಗುನುಗಿತು. ಯಾರೂ ಏಳಲಿಲ್ಲ. ಬೋರ್ಡಿನ ನಂಬರು ಬದಲಾಯಿತು. ಬುರ್ಖಾ ಹಾಕಿದ ಅಜ್ಜಿಯೊಬ್ಬರು ಕೈಯಲ್ಲಿ ಚೀಟಿ ಹಿಡಿದು ಎಲ್ಲರ ಮುಖ ನೋಡುತ್ತಿದ್ದರು. ಹಾಲ್ ತುಂಬ ಜನ, ಡಾಕ್ಟರ ಕೋಣೆಯಲ್ಲಿ ಡಾಕ್ಟರೊಬ್ಬರೇ.

"ಅದು ಹಂಗೇ ಏನೋ ಒದರ್ತಾ ಇರ್ತದೆ" ಎಂದರು ಅತ್ತೆ.

"ಬೋರ್ಡಲ್ಲಿ ನಂಬರ್ ಬರುತ್ತಲ್ಲ ಅತ್ತೆ. ಕಾಣಿಸಲ್ವಾ?"

"ಕಾಣ್ದೆ ಏನು? ಚೆನ್ನಾಗೇ ಕಾಣ್ತದೆ."

ನಾನು ಲ್ಯಾಪ್‌ಟಾಪು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಈ ಕ್ಲಿನಿಕ್ಕಿನ ಹಳೆಯ ಪ್ರತಿಯನ್ನು ಈಗಿನ ಫೈಲಿನ ಜೊತೆ ಹೋಲಿಸಿದೆ. ಭಾಷೆ, ಎಷ್ಟು ಸಲ, ಕಾಯುವ ಹೊತ್ತು, ದನಿ. ನಾಲ್ಕೇ ಸಾಲು. ಪ್ರತಿಯೊಂದಕ್ಕೂ ಉಪಕರಣ "ಬದಲಿಸಲೇ?" ಎಂದು ಕೇಳಿತು, ಪ್ರತಿಯೊಂದಕ್ಕೂ ಹೌದೆಂದೆ. ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟಕ್ಕೆ ನಾನು ಎರಡು ತಿಂಗಳು ಆ ಮಹಾನುಭಾವರ ಬಾಗಿಲು ಕಾದಿದ್ದೆ.

ಸ್ಪೀಕರು ಉರ್ದುವಿನಲ್ಲಿ ಗಟ್ಟಿಯಾಗಿ ಕೂಗಿತು. ಆ ಅಜ್ಜಿ "ಯಾ ಅಲ್ಲಾ" ಎಂದು ಎದ್ದರು. ಅದರ ಬೆನ್ನಿಗೇ ನನ್ನ ಫೋನು ಬಡಿದುಕೊಂಡಿತು.

"ಮೇಡಂ, ಶಿವಾಜಿನಗರ ರೆಡ್ ಆಗ್ಬಿಟ್ಟಿದೆ!" ಸಾಹೇಬರ ದನಿಯಲ್ಲಿ ಮನೆಗೆ ಬೆಂಕಿ ಬಿದ್ದ ಗಾಬರಿ.

"ಗೊತ್ತು ಸರ್. ನಾನೇ ಮಾಡಿದ್ದು. ಸಾಯಂಕಾಲದೊಳಗೆ ಉಳಿದವೂ ಕೆಂಪಾಗ್ತವೆ."

"ನಾಳೆ ಕ್ಲೈಂಟ್ ವಿಸಿಟ್ ಇದೆ ಮೇಡಂ! ಒಂದ್ ಕೆಲ್ಸ ಮಾಡಿ, ಆ ನಾಲ್ಕು ಸಾಲು ಹೋಲಿಸ್ಲೇಬೇಡಿ. ಆಗ ಗ್ರೀನೇ ತೋರ್ಸುತ್ತೆ ಅಲ್ವಾ?"

ನೋಡಿ, ಇದು ಆಸಾಮಿಯ ಯೋಗ್ಯತೆ. ಯಾರಿಗೆ ಕೇಳಿಸಿತು, ಯಾರಿಗೆ ಕೇಳಿಸಲಿಲ್ಲ, ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬೇಕು.

"ಯಾರದು?" ಎಂದರು ಅತ್ತೆ.

"ನಮ್ಮ ಸಾಹೇಬ್ರು."

"ನಿನ್ ಮುಖ ನೋಡುದ್ರೆ ಬಯ್ಯೋ ಹಂಗೈತೆ. ಬಯ್ದೇ ಬಿಡು, ಅದ್ಯಾಕೆ ನುಂಗ್ಕೊಂತೀಯ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಅತ್ತೆ ನನ್ನ ಕೆಲಸದ ಬಗ್ಗೆ ಕೊಟ್ಟ ಮೊದಲ ಸಲಹೆ ಅದು. ಪಾಲಿಸಿದೆ. ಏನೆಂದು ಬಯ್ದೆ ಎನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕಪಕ್ಕದವರು ಮಾತು ನಿಲ್ಲಿಸಿ ಕೇಳಿದರು, ಅತ್ತೆಗೆ ಖುಷಿಯಾಯಿತು.

ಫೋನಿಡುವಷ್ಟರಲ್ಲಿ ಅವರ ಸರದಿ ಬಂತು. ಉರ್ದು ಆಯಿತು, ತಮಿಳು ಆಯಿತು, ಆಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ ಅತ್ತೆಯ ನಂಬರು, ಎರಡನೇ ಕೋಣೆಗೆ ಬನ್ನಿ ಎಂದು. ಮತ್ತೊಮ್ಮೆ ಅದನ್ನೇ ಹೇಳಿತು.

ಅತ್ತೆ ದಿಗ್ಗನೆ ಎದ್ದು ಸೆರಗು ಸರಿಮಾಡಿಕೊಂಡರು. "ಎಲ್ಡೆಲ್ಡು ಸಲ ಯಾಕೆ ಬಡ್ಕೊಂತದೆ? ನಾನೇನು ಕಿವುಡೀನಾ?"

ನಾನು ನಗುತ್ತ ಲ್ಯಾಪ್‌ಟಾಪು ಮುಚ್ಚುತ್ತಿದ್ದೆ. ಎರಡನೇ ಕೋಣೆ ನಮ್ಮ ಎದುರಿಗೇ ಇತ್ತು, ಬಾಗಿಲ ಮೇಲೆ ಅಂಗೈಯಗಲದ ಅಂಕೆ, ಅದರ ಮೇಲೆ ಹಸಿರು ದೀಪ. ಅತ್ತೆ ನೆಟ್ಟಗೆ ನಡೆದರು, ಕಿಟಕಿಯ ಕಡೆಗೆ. ಅದರ ಸರಳಿಗೆ ಕೈ ತಗುಲಿದಾಗ ನಿಂತರು. ಬೆನ್ನು ಹಾಕಿಕೊಂಡೇ ಇನ್ನೊಂದು ಕೈಯನ್ನು ಹಿಂದಕ್ಕೆ, ನಾನಿರಬಹುದಾದ ಕಡೆಗೆ ಚಾಚಿದರು.

"ಬಾಗ್ಲು ಯಾವ್ ಕಡೆ ಐತೆ ಕಣಮ್ಮಿ?" ಎಂದರು.