ಏಪ್ರಿಲ್‌ನಲ್ಲಿ ನೋಡಿದ ಜೌಗು

ಮಳೆಗಾಲದಲ್ಲಿ ತುಂಬುವ ಜೌಗನ್ನು ಮಳೆಗಾಲದಲ್ಲೇ ಸಮೀಕ್ಷೆ ಮಾಡಬೇಕು ಎಂಬ ನಿಯಮ ನಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಇತ್ತು. ಆದರೂ ಅನುಗೊಂಡನಹಳ್ಳಿ ಕಡೆಯ ಹೊಳೆಯಂಚಿಗೆ ನಾವು ಹೋದದ್ದು ಏಪ್ರಿಲ್‌ನಲ್ಲಿ. ವಿಮಾನ ನಿಲ್ದಾಣ ಬಂದ ಮೇಲೆ ಎಲ್ಲರಿಗೂ ಆತುರ. ನಮ್ಮ ವರದಿ ಕೈಸೇರಿದೊಡನೆ ಜೌಗಿಗೆ ಮಣ್ಣು ತುಂಬಿ ಲೇಔಟ್ ಮಾಡಲು ಬಿಲ್ಡರುಗಳು ಕಾದಿದ್ದರು. ಶಿಸ್ತು ಶಿಸ್ತು ಎಂದು ಎಲ್ಲರನ್ನೂ ಗದರುವ ನಾನೂ ಸಮೀಕ್ಷೆಯ ಫಾರಂ ಹಿಡಿದು ಹೊರಟೆ.

ನೆಲ ಬಿರಿದಿತ್ತು. ‘ಜಲಚರಗಳು: ಇಲ್ಲ’ ಎಂದು ಬರೆದೆ. ಊರಿನ ಇಬ್ಬರು ಸಾಕ್ಷಿಗಳು ಓದದೆಯೇ ಸಹಿ ಹಾಕಿದರು. ಮೂರನೆಯವರು ನೀರಗಂಟಿ ಮುನಿಯಪ್ಪ, ಗದ್ದೆಗಳಿಗೆ ನೀರು ಬಿಡುವವರು. ಅವರು ಓದಿಸಿ ಕೇಳಿದರು.

“ಏಕಾದಶಿ ದಿನ ಮನೆಗೆ ಬಂದು, ಇಲ್ಲಿ ಯಾರೂ ಉಣ್ಣಲ್ಲ ಅಂತ ಬರ್ಕೊಂಡ್ಬಿಟ್ರಾ ಸ್ವಾಮಿ?”

“ಕಂಡದ್ದನ್ನಷ್ಟೇ ಬರೆಯುತ್ತೇನೆ,” ಎಂದೆ ಬಿಗಿಯಾಗಿ.

ಮುನಿಯಪ್ಪ ಚಪ್ಪಲಿ ಬಿಚ್ಚಿ ಒಣಗಿದ ಜೌಗಿಗೆ ಇಳಿದರು. ಅಂಗಾಲಿನಲ್ಲೇ ತಂಪು ಹುಡುಕುತ್ತ ನಡೆದು, ಒಂದೆಡೆ ನಿಂತು ಹೆಗಲ ಮೇಲಿದ್ದ ಸನಿಕೆಯಿಂದ ಮೊಣಕೈ ಆಳ ಅಗೆದರು. ಅಂಗೈ ಮೇಲಿಟ್ಟ ಮಣ್ಣುಂಡೆ ಮೆಲ್ಲಗೆ ಕಣ್ಣು ಬಿಟ್ಟಿತು. ಕಪ್ಪೆ! ಜೊತೆಗೆ ಚಿಪ್ಪಿನ ಬಾಯಿ ಮುಚ್ಚಿಕೊಂಡ ಬಸವನಹುಳು.

“ಇನ್ನೂ ಏನೇನಿವೆ?” ನನಗೆ ತಡೆಯಲಾಗಲಿಲ್ಲ.

“ಉತ್ತರೆ ಮಳೆ ಆದ್ಮೇಲೆ, ದಸರಾ ಹೊತ್ತಿಗೆ ಬನ್ನಿ. ಕೊಕ್ಕರೆಗಳನ್ನೇ ಕೇಳಿ, ಹೇಳ್ತವೆ.”

ನಾನು ‘ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಕಪ್ಪೆ ಒಂದು, ಬಸವನಹುಳು ಒಂದು’ ಎಂದು ತಿದ್ದಿ, ಅವರ ಸಹಿಗಾಗಿ ಪೆನ್ನು ಚಾಚಿದೆ. ಕರಾರುವಾಕ್ಕಾಗಿ ಕೆಲಸ ಮಾಡಿದೆನೆಂಬ ಹೆಮ್ಮೆ ಬೇರೆ.

ಮುನಿಯಪ್ಪ ಪೆನ್ನು ಮುಟ್ಟಲಿಲ್ಲ. ಎರಡನ್ನೂ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದರು. ನನ್ನ ಕೈಯಲ್ಲಿದ್ದ ಕುಡಿಯುವ ನೀರಿನ ಬಾಟಲಿ ಇಸಿದುಕೊಂಡು ಆ ಮಣ್ಣಿನ ಮೇಲೆ ಪೂರಾ ಸುರಿದು, ಚಪ್ಪಲಿ ಕೈಲಿ ಹಿಡಿದು ಹೊರಟೇಬಿಟ್ಟರು.